ಉಪಮೆಗೆ ಎರಡು ಬೀಜ, ರೂಪಕಕ್ಕೆ ಮೂರು

ಕಳೆದ ಮಾರ್ಚ್ ತಿಂಗಳಲ್ಲಿ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು ಹಾಸನದ ನಮ್ಮ ಮನೆಗೆ ಬಂದು, ನಿಂತ ಕಾಲಿನಲ್ಲೇ, "ಆ ಬೀಜದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಡಮ್ಮ" ಎಂದರು. ಬೀಜದ ಲೆಕ್ಕ ಎಂದರೆ, ಮಕ್ಕಳು ಪ್ರಬಂಧದಲ್ಲಿ ಬಳಸುವ ಒಂದೊಂದು ಅಲಂಕಾರಕ್ಕೂ ಕಾಫಿ ಬೀಜದಲ್ಲಿ ಬೆಲೆ ತೆರಿಸುವ ನನ್ನ ಪಾಠದ ಕ್ರಮ. ಮೊಮ್ಮಗಳು ಒಂಬತ್ತನೆಯ ತರಗತಿಗೆ ಬಂದಿದ್ದಾಳಂತೆ. ಆರು ವರ್ಷದ ಹಿಂದೆ ಒಂದು ಕಾರ್ಯಾಗಾರದಲ್ಲಿ ಇದೇ ಮಹನೀಯರು ಮೈಕು ಹಿಡಿದು, "ಅಲಂಕಾರ ಇರುವುದು ಪದ್ಯಕ್ಕೆ. ಪರೀಕ್ಷೆಯಲ್ಲಿ ಅದು ಮೂರು ಅಂಕದ ಪ್ರಶ್ನೆ. ಅದನ್ನು ಪ್ರಬಂಧಕ್ಕೆ ಎಳೆದು ತಂದರೆ ಎರಡೂ ಕೆಡುತ್ತವೆ" ಎಂದಿದ್ದರು. ಸಭೆ ಚಪ್ಪಾಳೆ ತಟ್ಟಿತ್ತು. ನಾನೂ ತಟ್ಟಿದ್ದೆ, ಮುಂದಿನ ಸಾಲಿನಲ್ಲಿ ಕುಳಿತವಳು ಇನ್ನೇನು ಮಾಡಲಿ? ಈಗ ಮರುಮಾತಿಲ್ಲದೆ ಹಾಳೆ ಬರೆದುಕೊಟ್ಟೆ. ಎರಡು ಸಾಲು ಬಿಟ್ಟು ಬರೆದುಕೊಟ್ಟೆ. ಆ ಎರಡು ಸಾಲು ಇಲ್ಲಿಯೂ ಸಿಗುವುದಿಲ್ಲ. ನನ್ನ ಟ್ಯೂಷನ್ ಕೋಣೆಯ ಬಾಡಿಗೆ ಅವುಗಳಿಂದಲೇ ಹುಟ್ಟುತ್ತಿದೆ.

ಹದಿಮೂರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದವಳು ನಾನು. ಗೌರವಧನ ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು. ಬಂದ ದಿನ ನನಗಿಂತ ನಮ್ಮ ಬೀದಿಯ ದಿನಸಿ ಅಂಗಡಿಯವರ ಮುಖ ಅರಳುತ್ತಿತ್ತು. 2017ರಲ್ಲಿ ಅದನ್ನು ಬಿಟ್ಟು, ಸಾಲಗಾಮೆ ರಸ್ತೆಯಿಂದ ಒಳಗೆ ಹೋದರೆ ಸಿಗುವ ಬೀದಿಯೊಂದರಲ್ಲಿ ಮಹಡಿಯ ಮೇಲಿನ ಕೋಣೆ ಹಿಡಿದೆ. ಮುಂಗಡ 40 ಸಾವಿರ, ಬಾಡಿಗೆ ಆಗ 4,500. ಬೆಳಿಗ್ಗೆ ಪ್ರೌಢಶಾಲೆಯ ಮಕ್ಕಳು, ಸಂಜೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಎರಡು ತಂಡಕ್ಕೂ ಕಾಯಿಲೆ ಒಂದೇ. ಪ್ರಶ್ನೆಯಲ್ಲಿ ಅಲಂಕಾರ ಕೇಳಿದರೆ ಲಕ್ಷಣ, ಸಮನ್ವಯ ಎಲ್ಲವನ್ನೂ ತಪ್ಪಿಲ್ಲದೆ ಬರೆಯುತ್ತಾರೆ. ಅದೇ ಕೈಯಲ್ಲಿ ಪ್ರಬಂಧ ಬರೆಯಿರಿ ಎಂದರೆ "ಇಂದಿನ ಆಧುನಿಕ ಯುಗದಲ್ಲಿ" ಎಂದು ಶುರು ಮಾಡುತ್ತಾರೆ.

ಎರಡರ ನಡುವೆ ಸೇತುವೆ ಕಟ್ಟುತ್ತೇನೆಂದು ಹೊರಟ ನನ್ನ ಮೊದಲ ಪ್ರಯತ್ನ ಒಂದು ಪುಸ್ತಿಕೆ. ಅರವತ್ತು ಪುಟ, ಐನೂರು ಪ್ರತಿ, ಅಚ್ಚಿಗೆ ಹದಿನೆಂಟೋ ಹತ್ತೊಂಬತ್ತೋ ಸಾವಿರ ಆಯಿತು. ಮಾರಾಟವಾದದ್ದು ಎಪ್ಪತ್ತರ ಆಸುಪಾಸು. ಉಳಿದವು ಮಂಚದ ಕೆಳಗೆ ಸೇರಿದವು, ಎರಡನೆಯ ಮಳೆಗಾಲಕ್ಕೆ ಗೆದ್ದಲು ಹಿಡಿಯಿತು. ನನ್ನ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮುಗಿಸಿದ ಓದುಗ ಅದೊಂದೇ ಎಂದು ನಮ್ಮ ಯಜಮಾನರು ಈಗಲೂ ಹೇಳುತ್ತಾರೆ.

ಹಣ ಹೋದದ್ದಕ್ಕಿಂತ, ಕೊಂಡು ಓದಿದ ಮಕ್ಕಳು ಬರೆದದ್ದು ಹೆಚ್ಚು ನೋಯಿಸಿತು. "ಗ್ರಂಥಾಲಯಗಳ ಮಹತ್ವ" ಎಂಬ ಪ್ರಬಂಧದಲ್ಲಿ ಒಬ್ಬಳು ಹನ್ನೊಂದು ಕಡೆ "ಅಂತೆ" ಬಳಸಿದ್ದಳು. ಗ್ರಂಥಾಲಯ ತಾಯಿಯಂತೆ, ಪುಸ್ತಕಗಳು ಮುತ್ತಿನಂತೆ, ಗ್ರಂಥಪಾಲಕರು ಕಾಮಧೇನುವಿನಂತೆ. ಇನ್ನೊಬ್ಬ "ರಾಷ್ಟ್ರೀಯ ಹಬ್ಬಗಳು" ಎಂಬಲ್ಲಿಗೂ ಮದಗಜಗಳನ್ನು ಹೊಡೆದುಕೊಂಡು ಬಂದಿದ್ದ. ಭೀಮ ದುರ್ಯೋಧನರ ಆ ಮದಗಜಗಳು ಎಷ್ಟು ತಲೆಮಾರಿನ ಉತ್ತರ ಪತ್ರಿಕೆಗಳನ್ನು ತುಳಿದಿವೆ ಎಂಬುದು ನಿಮಗೂ ಗೊತ್ತಿದೆ.

ಎಲ್ಲಿ ತಪ್ಪಿದೆ ಎಂದು ನನಗೆ ಹೊಳೆಯಲು ಇನ್ನೊಂದು ವರ್ಷ ಬೇಕಾಯಿತು. ಶ್ರೀವಿಜಯನ ಕವಿರಾಜಮಾರ್ಗವನ್ನು, ಕಾವ್ಯ ಹೇಗಿರಬೇಕೆಂದು ಹೇಳುವ ಆ ಹಳೆಯ ಗ್ರಂಥವನ್ನು, ನಾವೆಲ್ಲ ಎಂ.ಎ.ಯಲ್ಲಿ ಓದಿದ್ದೇವೆ, ಮೂರು ಪರಿಚ್ಛೇದ ಎಂದು ಪಾಠವನ್ನೂ ಮಾಡಿದ್ದೇವೆ. ಆದರೆ ಅವುಗಳ ಕ್ರಮವನ್ನು ನಾನು ಗಮನಿಸಿರಲೇ ಇಲ್ಲ. ಒಂಬತ್ತನೆಯ ಶತಮಾನದ ಆ ಶ್ರೀವಿಜಯ ಮೊದಲು ದೋಷ ಯಾವುದು, ಅದೋಷ ಯಾವುದು ಎಂದು ಹೇಳಿ ಮುಗಿಸುತ್ತಾನೆ. ಶಬ್ದಾಲಂಕಾರ ಎರಡನೆಯದು, ಅರ್ಥಾಲಂಕಾರ ಕೊನೆಗೆ. ಸಂಸ್ಕೃತ ಕನ್ನಡಗಳನ್ನು ಹದವರಿಯದೆ ಸಮಾಸ ಮಾಡುವುದನ್ನು ಅವನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕುವುದಕ್ಕೆ ಹೋಲಿಸುವುದು ಆ ಮೊದಲ ಭಾಗದಲ್ಲೇ. ನೋಡಿ, ದೋಷ ಹೇಳುವಾಗಲೂ ಒಂದು ಉಪಮೆ, ಅದೂ ಅಡುಗೆಮನೆಯದು. ಹಾಲು ಒಡೆಯುವುದನ್ನು ನೋಡದವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಾನು ಮಾಡಿದ್ದು ತಲೆಕೆಳಗು: ದೋಷ ತೋರಿಸದೆ ಒಡವೆ ಹಂಚಿದ್ದೆ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ಯಾರು ನಗುವುದಿಲ್ಲ ಎಂದು ಕಾಶ್ಮೀರದ ಸಂಸ್ಕೃತ ಕವಿ ಕ್ಷೇಮೇಂದ್ರ ಔಚಿತ್ಯದ ಬಗ್ಗೆ ಹೇಳುತ್ತಾನಲ್ಲ, ನನ್ನ ತರಗತಿ ತುಂಬ ಅಂಥವರೇ ಕುಳಿತಿದ್ದರು. ಹಾಕಿದವಳು ನಾನೇ.

ಬೀಜದ ಉಪಾಯ ಹೊಳೆದದ್ದು ಸಕಲೇಶಪುರದ ಕಡೆ ಇರುವ ನಮ್ಮ ಭಾವನವರ ತೋಟದಲ್ಲಿ. ಜನವರಿ, ಕಾಫಿ ಕೊಯ್ಲು. ಸಂಜೆ ಹಣ್ಣು ತೂಗುವಾಗ ಚೀಲದಲ್ಲಿ ಕಡ್ಡಿ, ಎಲೆ, ಹಸಿರು ಕಾಯಿ ಹೆಚ್ಚಿದ್ದರೆ ಮೇಸ್ತ್ರಿ ಮಾತಿಲ್ಲದೆ ತೂಕದಲ್ಲಿ ಕಳೆಯುತ್ತಿದ್ದ. ಕಳೆಯಿಸಿಕೊಂಡವರ ಚೀಲ ಮರುದಿನ ಕನ್ನಡಿಯ ಹಾಗೆ ಇರುತ್ತಿತ್ತು. (ಹೌದು, ಇದು ಸವಕಲು ಉಪಮೆ. ದಂಡ ನಾಲ್ಕು ಬೀಜ, ಕಟ್ಟುತ್ತೇನೆ.) ಉಪದೇಶಕ್ಕೆ ಬಗ್ಗದ್ದು ಲೆಕ್ಕಕ್ಕೆ ಬಗ್ಗುತ್ತದೆ ಎಂದುಕೊಂಡು ಒಂದು ಸೇರಿನಷ್ಟು ಬೀಜ ಕಟ್ಟಿಸಿಕೊಂಡು ಬಂದೆ.

ಏರ್ಪಾಡು ಸರಳ. ಒಂದು ಪ್ರಬಂಧಕ್ಕೆ, ಅಂದರೆ ಸುಮಾರು ಮುನ್ನೂರು ಪದಕ್ಕೆ, ತಲೆಗೆ ಹದಿನೈದು ಬೀಜ. ಉಪಮೆಗೆ ಎರಡು, ರೂಪಕಕ್ಕೆ ಮೂರು, ಒಂದನ್ನು ಇನ್ನೊಂದೋ ಎಂಬಂತೆ ಕಲ್ಪಿಸುವ ಉತ್ಪ್ರೇಕ್ಷೆಗೆ ಮೂರು, ಒಂದು ಮಾತಿಗೆ ಪ್ರತಿಬಿಂಬದಂಥ ಇನ್ನೊಂದು ಮಾತನ್ನು ಜೋಡಿಸುವ ದೃಷ್ಟಾಂತಕ್ಕೆ ನಾಲ್ಕು, ಒಂದು ಸಂಗತಿಯನ್ನು ಎಲ್ಲಕ್ಕೂ ಅನ್ವಯಿಸುವ ಮಾತಿನಿಂದ ಸಮರ್ಥಿಸುವ ಅರ್ಥಾಂತರನ್ಯಾಸಕ್ಕೆ ಐದು. ಸವಕಲಾದದ್ದಕ್ಕೆ ಎರಡರಷ್ಟು. ಪುನರುಕ್ತಿ, ಅರಿಸಮಾಸ (ಸಂಸ್ಕೃತ ಕನ್ನಡ ಪದಗಳ ಹೊಂದದ ಜೋಡಣೆ), ಅರ್ಥವಾಗದ ಕ್ಲಿಷ್ಟ ಪದ, ಇವಕ್ಕೆ ದಂಡ. ತರಗತಿಯಲ್ಲಿ ಯಾರೂ ಕೇಳಿರದ ಉಪಮಾನವನ್ನು, ಅಂದರೆ ಹೋಲಿಸಲು ಹೊಸ ವಸ್ತುವನ್ನು, ತಂದವರಿಗೆ ಕೊಟ್ಟದ್ದು ವಾಪಸು, ಮೇಲೆ ಒಂದು ಬೀಜ ಬಹುಮಾನ. ಒಂದೇ ಪದದಲ್ಲಿ ಎರಡರ್ಥ ಹೊಳೆಯಿಸುವ ಶ್ಲೇಷೆಯ ಬೆಲೆ ಹೇಳುವುದಿಲ್ಲ, ನಾನು ಬಿಟ್ಟ ಸಾಲುಗಳಲ್ಲಿ ಅದು ಒಂದು.

ಈಗ ಹೇಳಿದಷ್ಟು ಸಲೀಸಾಗಿ ಆ ಬೆಲೆಗಳು ಕೂರಲಿಲ್ಲ. ಮೊದಲು ಉಪಮೆಗೆ ಒಂದೇ ಬೀಜ ಇಟ್ಟಿದ್ದೆ. ಎಲ್ಲರೂ ಅಗ್ಗದ ಮಾಲಿಗೇ ಮುಗಿಬಿದ್ದರು, ಹದಿನೈದಕ್ಕೆ ಹದಿನೈದು ಉಪಮೆ ಕೊಂಡರು. ಬೆಲೆ ಏರಿಸಿದೆ. ಆಗ ಜಿಪುಣತನ ಶುರುವಾಯಿತು. ಬೀಜಗಳನ್ನು ಜಾಮೆಟ್ರಿ ಪೆಟ್ಟಿಗೆಯಲ್ಲಿ ಕೂಡಿಟ್ಟುಕೊಂಡು, ಒಂದೂ ಅಲಂಕಾರವಿಲ್ಲದ, ತಾಲ್ಲೂಕು ಕಚೇರಿಯ ನೋಟಿಸಿನಂಥ ಪ್ರಬಂಧಗಳನ್ನು ಕೊಟ್ಟರು. ಸರಿ, ಖರ್ಚಾಗದ ಬೀಜ ಲ್ಯಾಪ್ಸ್ ಆಗುತ್ತದೆ ಎಂದು ಸಾರಿದೆ. ಏನಾಗಿರಬಹುದು ಎಂದು ಸರ್ಕಾರಿ ನೌಕರಿಯಲ್ಲಿರುವವರು ಊಹಿಸಿರುತ್ತೀರಿ. ಪೀಠಿಕೆ ಒಣ, ವಿಷಯ ವಿವರಣೆ ಒಣ, ಉಪಸಂಹಾರಕ್ಕೆ ಬರುತ್ತಲೇ ಮಾರ್ಚ್ 31. ರೂಪಕ, ದೃಷ್ಟಾಂತ, ಗಾದೆ, ಉಳಿದದ್ದೆಲ್ಲವೂ ಕೊನೆಯ ಐದು ಸಾಲಿಗೆ ಸುರಿದಿರುತ್ತಿತ್ತು. ಇದನ್ನು ಸರಿಪಡಿಸಿದ ನಿಯಮವೇ ನಾನು ಬಿಟ್ಟಿರುವ ಎರಡನೆಯ ಸಾಲು. ಅದು ಪ್ರಬಂಧದ ಮೂರನೆಯ ಪರಿಚ್ಛೇದಕ್ಕೆ ಸಂಬಂಧಿಸಿದ್ದು ಎಂದಷ್ಟೇ ಹೇಳಬಲ್ಲೆ. ಎರಡು ತಿಂಗಳು ಬೀಜ ಎಣಿಸಿದರೆ ನಿಮಗೂ ಸಿಗುತ್ತದೆ.

ಖೋಟಾ ಹಾವಳಿ ಬೇರೆ. ಕಾಫಿ ಸೀಮೆಯಲ್ಲಿ ಕಾಫಿ ಬೀಜವನ್ನು ನಾಣ್ಯ ಮಾಡಿದ ನನ್ನ ಬುದ್ಧಿಗೆ ಏನು ಹೇಳಬೇಕು? ಬೇಲೂರು, ಆಲೂರು ಕಡೆಯಿಂದ ಬರುವ ಹುಡುಗರು ಮನೆಯ ಚೀಲದಿಂದ ಹಿಡಿ ಹಿಡಿ ತಂದು ಕಿಸೆಯಲ್ಲಿಟ್ಟುಕೊಂಡಿದ್ದರು. ಒಬ್ಬನ ಪ್ರಬಂಧದಲ್ಲಿ ಎಂಟು ಅರ್ಥಾಂತರನ್ಯಾಸ ಕಂಡಾಗ ಗುಟ್ಟು ರಟ್ಟಾಯಿತು. ಹುಣಸೆ ಬೀಜಕ್ಕೆ ಬದಲಾಯಿಸಿ ನೋಡಿದೆ, ಅದು ಎಲ್ಲರ ಮನೆಯಲ್ಲೂ ಇತ್ತು. ಕಡೆಗೆ ಕಾಫಿ ಬೀಜಕ್ಕೇ ಮರಳಿ ಉಗುರು ಬಣ್ಣ ಹಚ್ಚಿದೆ. ಒಂದು ಶೀಶೆ 40 ರೂಪಾಯಿ, ವರ್ಷಕ್ಕೆ ಆರೇಳು ಶೀಶೆ. ಬಣ್ಣ ಪ್ರತಿ ತಿಂಗಳೂ ಬದಲಾಗುತ್ತದೆ. ಈ ವಯಸ್ಸಿನಲ್ಲಿ ಕಡು ನೀಲಿ ಬಣ್ಣ ಕೇಳುವ ನನ್ನನ್ನು ಫ್ಯಾನ್ಸಿ ಸ್ಟೋರಿನ ಹುಡುಗಿ ನೋಡುವ ನೋಟವೇ ಬೇರೆ. ನಡುವೆ ಕಾಫಿಯ ಬೆಲೆ ಗಗನಕ್ಕೇರಿದ ವರ್ಷ ಭಾವ, "ನಿನ್ನ ಅಲಂಕಾರಕ್ಕಿಂತ ನನ್ನ ಬೀಜವೇ ದುಬಾರಿಯಾಯಿತಲ್ಲ, ತಂಗಿ" ಎಂದು ನಕ್ಕರು. ಆದರೂ ಕೊಟ್ಟರು.

ರೂಪಕಕ್ಕೆ ಉಪಮೆಗಿಂತ ಹೆಚ್ಚು ಬೆಲೆ ಯಾಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಉಪಮೆಯಲ್ಲಿ "ಅಂತೆ" ಎಂಬ ಹಿತ್ತಿಲ ಬಾಗಿಲು ಇರುತ್ತದೆ, ಹೋಲಿಕೆ ಸಾಲದಾದರೆ ಬರೆದವನು ಅಲ್ಲಿಂದ ತಪ್ಪಿಸಿಕೊಳ್ಳಬಹುದು. ರೂಪಕದಲ್ಲಿ ಆ ಬಾಗಿಲಿಲ್ಲ. ಜ್ಞಾನವೇ ದೀಪ ಎಂದ ಮೇಲೆ ಮುಂದಿನ ಸಾಲಿನಲ್ಲೂ ಅದು ದೀಪವಾಗಿಯೇ ಉರಿಯಬೇಕು. "ಜ್ಞಾನದ ದೀಪವು ಎಲ್ಲರ ಮನದಲ್ಲಿ ಬೇರೂರಿ ಹರಿಯಲಿ" ಎಂದು ಒಬ್ಬ ಮುಗಿಸಿದ್ದ. ದೀಪ, ಮರ, ಹೊಳೆ, ಒಂದೇ ಉಸಿರಿನಲ್ಲಿ ಮೂರು. ಆ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಅವನನ್ನೇ ಕರೆದು ಚಿತ್ರ ಬಿಡಿಸಲು ಹೇಳಿದೆ. ಪ್ರಾಮಾಣಿಕವಾಗಿ ಬಿಡಿಸಿದ: ಬೇರು ಬಿಟ್ಟ ಹಣತೆ, ಕೆಳಗೆ ನೀರು. ಆಮೇಲೆ ಆ ತಂಡದಲ್ಲಿ ಯಾರ ದೀಪವೂ ಬೇರೂರಿಲ್ಲ.

ಉತ್ಪ್ರೇಕ್ಷೆಯದು ಬೇರೆ ತೊಂದರೆ. ಪತ್ರಿಕೆಗಳು ಅದನ್ನು "ಇಲ್ಲದ್ದನ್ನು ಹಿಗ್ಗಿಸಿ ಹೇಳುವುದು" ಎಂಬ ಅರ್ಥದಲ್ಲೇ ಬಳಸಿ ಬಳಸಿ, ಮಕ್ಕಳು ಅತಿಶಯೋಕ್ತಿಯನ್ನೆಲ್ಲ ಉತ್ಪ್ರೇಕ್ಷೆಯ ಬೆಲೆಗೆ ಕೊಳ್ಳಲು ಬರುತ್ತಾರೆ. ಇದನ್ನು ನಾನು ವಾದಿಸುವುದನ್ನೇ ಬಿಟ್ಟಿದ್ದೇನೆ. ಎರಡಕ್ಕೂ ಮೂರೇ ಬೀಜ.

ಗಾದೆಯ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಎಷ್ಟೋ ಗಾದೆಗಳು ಹುಟ್ಟು ದೃಷ್ಟಾಂತಗಳು. "ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು" ಎಂಬುದನ್ನು ವ್ಯಾಕರಣದ ಪಾಠದಲ್ಲೇ ಕೊಡುತ್ತೇವೆ. ಆದರೆ ಮಕ್ಕಳು ಗಾದೆಯನ್ನು ಮೊದಲು ಬರೆದು, ಆಮೇಲೆ ಅದಕ್ಕೆ ಸಂಗತಿ ಹುಡುಕುತ್ತಾರೆ. ಅದು ಹಗ್ಗ ಕೊಂಡು ಎಮ್ಮೆ ಹುಡುಕಿದ ಹಾಗೆ. ಸಂಗತಿ ಬರೆಯದೆ ಗಾದೆ ಬರೆದವರಿಗೆ ನನ್ನಲ್ಲಿ ಬೀಜವೂ ಇಲ್ಲ, ಅಂಕವೂ ಇಲ್ಲ.

ಇದು ಕೆಲಸ ಮಾಡುತ್ತದೆ ಎಂದು ನನಗೇ ನಂಬಿಕೆ ಬಂದದ್ದು ಆಲೂರು ಕಡೆಯ ಒಬ್ಬ ಹುಡುಗನಿಂದ. ಸಂಜೆ ತಂಡದವನು, ಪದವಿ ಮುಗಿಸಿದ್ದ. ವಿಷಯ, ಕಾಡಾನೆ ಹಾವಳಿ. ಮೊದಲ ಕರಡಿನಲ್ಲಿ "ಕಾಡಾನೆಗಳ ಹಾವಳಿಯು ಇಂದು ಬೃಹದಾಕಾರದ ಸಮಸ್ಯೆಯಾಗಿ ಬೆಳೆದು ನಿಂತಿದೆ" ಎಂದಿತ್ತು. ಬೃಹದಾಕಾರ ಆನೆಗೋ ಸಮಸ್ಯೆಗೋ ಎಂದು ಕೇಳಿದೆ, ನಗಲಿಲ್ಲ. ಎರಡು ಬೀಜ ದಂಡ ಹಾಕಿ, "ನಿಮ್ಮ ಮನೆಗೆ ಆನೆ ಬಂದದ್ದು ನಿಮಗೆ ಹೇಗೆ ಗೊತ್ತಾಗುತ್ತದಪ್ಪ?" ಎಂದೆ. ಮೂರನೆಯ ಕರಡಿನಲ್ಲಿ ಬರೆದುಕೊಂಡು ಬಂದ:

"ರಾತ್ರಿ ನಾಯಿ ಬೊಗಳುವುದು ನಿಂತರೆ ನಮ್ಮಮ್ಮನಿಗೆ ಎಚ್ಚರವಾಗುತ್ತದೆ. ಆನೆ ತೋಟಕ್ಕೆ ಇಳಿದ ರಾತ್ರಿ ನಾಯಿ ಸೌದೆ ಒಟ್ಟಿಲಿನ ಹಿಂದೆ ಮಲಗಿ ಉಸಿರು ಹಿಡಿದಿರುತ್ತದೆ."

ತರಗತಿ ಸುಮ್ಮನಾಯಿತು. ಅಂತೆ ಇಲ್ಲ, ಹಳಗನ್ನಡದ ವೋಲ್ ಇಲ್ಲ, ಯಾರೂ ಇದನ್ನು ಅಲಂಕಾರವೆಂದು ಗುರುತಿಸಲಿಲ್ಲ. ಎಬ್ಬಿಸುವ ಸದ್ದೇ ಇಲ್ಲದೆ ಎಚ್ಚರ: ಕಾರಣವಿಲ್ಲದ ಕಾರ್ಯ, ವಿಭಾವನೆ. ಆನೆ ಬಂದರೂ ಬೊಗಳದ ನಾಯಿ: ಕಾರಣವಿದ್ದೂ ಆಗದ ಕಾರ್ಯ, ವಿಶೇಷೋಕ್ತಿ. ಎಂ.ಎ. ಪರೀಕ್ಷೆ ಮುಗಿದ ಮೇಲೆ ನಾನೇ ಮರೆತಿದ್ದ ಎರಡು ಹೆಸರುಗಳು ಎರಡು ವಾಕ್ಯದಲ್ಲಿ ಬಂದು ಕುಳಿತಿದ್ದವು. ಎರಡಕ್ಕೂ ನನ್ನ ಪಟ್ಟಿಯಲ್ಲಿ ಬೆಲೆಯೇ ಇರಲಿಲ್ಲ. ಅವನ ಹದಿನೈದೂ ವಾಪಸು ಕೊಟ್ಟು, ಅಂದಿನಿಂದ ವಿಭಾವನೆಯನ್ನು ಪುಕ್ಕಟೆ ಮಾಡಿದೆ. ಪುಕ್ಕಟೆ ಎಂದ ಮೇಲೂ ಅದನ್ನು ಬಳಸುವವರು ವರ್ಷಕ್ಕೆ ಇಬ್ಬರೋ ಮೂವರೋ. ಕೇಳಿಕೊಂಡು ಬರುವ ಅಲಂಕಾರವಲ್ಲ ಅದು.

ಆ ಹುಡುಗನ ನಂತರ ನನಗೆ ಹುಚ್ಚೇ ಹಿಡಿಯಿತು. ಹೋದಲ್ಲೆಲ್ಲ ಕಿವಿ ಅಲಂಕಾರ ಹುಡುಕುತ್ತಿತ್ತು. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತರಕಾರಿಯಾಕೆ "ಇದು ಆಲೂಗಡ್ಡೆ ಅಲ್ಲಕ್ಕ, ಬೆಣ್ಣೆ ಮುದ್ದೆ" ಎಂದಳು. ಇರುವುದನ್ನು ಅಲ್ಲ ಎಂದು, ಅಲ್ಲದ್ದನ್ನು ಹೌದು ಎನ್ನುವುದು, ಶುದ್ಧ ಅಪಹ್ನುತಿ. ಖುಷಿಗೆ ಚೌಕಾಸಿ ಮಾಡದೆ ಮೂರು ಕಿಲೋ ಕೊಂಡೆ, ಮನೆಯಲ್ಲಿ ಬೈಸಿಕೊಂಡೆ, ಅರ್ಧ ಹಸಿರಾಗಿತ್ತು. ನಮ್ಮತ್ತೆಯವರು ನೆರೆಮನೆಯ ಸೊಸೆಯ ಬಗ್ಗೆ, "ತುಂಬ ಮೃದು ಸ್ವಭಾವ. ಕೆಲಸಕ್ಕೆ ನೋವಾದೀತೆಂದು ಅದನ್ನು ಮುಟ್ಟುವುದೇ ಇಲ್ಲ" ಎಂದರು. ಹೊಗಳುವ ನೆಪದಲ್ಲಿ ತೆಗಳುವ ಇಂಥ ವ್ಯಾಜಸ್ತುತಿ ಯಾವ ಲಕ್ಷಣ ಗ್ರಂಥದಲ್ಲಿದೆ? ವ್ಯವಸ್ಥೆಯನ್ನು ಟೀಕಿಸಬೇಕಾದ ಪ್ರಬಂಧಗಳಿಗೆ ಇದನ್ನು ಮಾದರಿಯಾಗಿ ಕೊಟ್ಟಿದ್ದೇನೆ. ಸಂಜೆಯ ತಂಡದವರು ರಸ್ತೆ ಗುಂಡಿಗಳನ್ನು ಹೊಗಳಿ ಬರೆದದ್ದನ್ನು ಓದಿದರೆ ಹೊಟ್ಟೆ ಹುಣ್ಣಾಗುತ್ತದೆ. ಆದರೆ ಪರೀಕ್ಷೆಯಲ್ಲಿ ಬೇಡ ಎಂದು ಹೇಳಿ ಕಳಿಸುತ್ತೇನೆ, ಮೌಲ್ಯಮಾಪಕರು ಹೊಗಳಿಕೆಯನ್ನೇ ನಿಜವೆಂದುಕೊಂಡರೆ ಕಷ್ಟ.

ಒಗಟಿನ ಪ್ರಯೋಗ ಅರ್ಧ ಗೆದ್ದಿತು. ಒಗಟೆಂದರೆ ಉಪಮೇಯವನ್ನು, ಅಂದರೆ ತಾನು ಹೇಳಹೊರಟ ವಸ್ತುವನ್ನೇ, ನುಂಗಿದ ರೂಪಕ, ರೂಪಕಾತಿಶಯೋಕ್ತಿ ಎನ್ನುತ್ತೇವಲ್ಲ, ಅದು. ಮಕ್ಕಳಿಂದ ಒಗಟು ಕಟ್ಟಿಸಿ, ನುಂಗಿದ್ದನ್ನು ಹೊರಗೆ ಕಕ್ಕಿಸಿ, ರೂಪಕ ಮಾಡಿಸುವುದು ನನ್ನ ಯೋಜನೆ. ಒಗಟುಗಳು ಚೆನ್ನಾಗಿ ಬಂದವು, ಪ್ರಬಂಧ ಬರಲಿಲ್ಲ. ಮೂರು ಭಾನುವಾರ ಹೋಯಿತು.

ಹಲ್ಮಿಡಿಗೆ ಕರೆದುಕೊಂಡು ಹೋದದ್ದು ಮಾತ್ರ ಖರ್ಚಿಗೆ ಸರಿಯಾಯಿತು. ಟೆಂಪೋ ಬಾಡಿಗೆ 3,500, ಬೇಲೂರಿನಲ್ಲಿ ಊಟ ಬೇರೆ. ಮೂಲ ಶಾಸನ ಆ ಊರಿನಲ್ಲಿಲ್ಲ, ಮಂಟಪದಲ್ಲಿರುವುದು ಪ್ರತಿಕೃತಿ. ಕ್ರಿ.ಶ. 450ರ ಸುಮಾರಿನದು, ಹದಿನಾರು ಸಾಲು, ಎಂದು ಮಕ್ಕಳು ಗಿಳಿಪಾಠ ಒಪ್ಪಿಸಿದರು. ಅದರ ಮೊದಲ ಶ್ಲೋಕವನ್ನು ಬಿಡಿಸಿ ಓದಿಸಿದೆ, ಅದು ಸಂಸ್ಕೃತ. ಅಚ್ಯುತನು ದಾನವರ ಕಣ್ಣುಗಳಿಗೆ "ಯುಗಾಂತಾಗ್ನಿ", ಶಿಷ್ಟರಿಗೆ "ಸುದರ್ಶನ". ಪ್ರಳಯದ ಬೆಂಕಿ ಎಂಬುದು ರೂಪಕ. ಸುದರ್ಶನ ಎಂದರೆ ಚಕ್ರವೂ ಹೌದು, ಕಣ್ಣಿಗೆ ಹಿತವಾದವನೂ ಹೌದು. ಕಣ್ಣಿನ ಮಾತು ಹಿಂದಿನ ಪಾದದಲ್ಲೇ ಬಂದಿರುವುದರಿಂದ ಶ್ಲೇಷೆಗೆ ನೆಲ ಸಿದ್ಧವಾಗಿದೆ. ಮುಂದೆ ಕನ್ನಡಕ್ಕೆ ತಿರುಗುವಲ್ಲಿ "ಕದಂಬಪನ್ ತ್ಯಾಗಸಂಪನ್ನನ್" ಎಂದು ಕಿವಿಗೆ ಬಡಿಯುವ ಅನುಪ್ರಾಸ. ಭೂಮಿ ದಾನದ ಪತ್ರ ಇದು, ಕಾವ್ಯವಲ್ಲ! ಅಲಂಕಾರ ಪದ್ಯಕ್ಕೆ ಮಾತ್ರ ಎಂದವರಿಗೆ ನಮ್ಮ ಜಿಲ್ಲೆಯ ಕಲ್ಲೇ ಉತ್ತರ ಹೇಳಿತು ಎಂದು ಆ ದಿನ ಸ್ವಲ್ಪ ಎದೆಯುಬ್ಬಿಸಿಕೊಂಡು ಟೆಂಪೋ ಹತ್ತಿದೆ. "ಮೇಡಂ, ಇದಕ್ಕೆಲ್ಲ ಎಷ್ಟು ಬೀಜ ಆಗುತ್ತದೆ?" ಎಂದು ಒಂದು ಹುಡುಗಿ ಲೆಕ್ಕ ಹಾಕತೊಡಗಿದಳು. ಶ್ಲೇಷೆಯ ಬೆಲೆ ಸೇರಿಸಿದರೆ ಹದಿನೈದರೊಳಗೇ ಇತ್ತು.

ಮುಖ್ಯೋಪಾಧ್ಯಾಯರ ವಿಷಯಕ್ಕೆ ಬರುತ್ತೇನೆ. ಅವರು ಸುಮ್ಮನೆ ಬದಲಾಗಲಿಲ್ಲ. ಹಿಂದಿನ ವರ್ಷ ನಾನು ಇಪ್ಪತ್ತನಾಲ್ಕು ಪ್ರಬಂಧಗಳನ್ನು ಹೆಸರು ತೆಗೆದು ಅವರ ಮನೆಗೆ ಕಳಿಸಿದ್ದೆ. ಅರ್ಧ, ಹನ್ನೆರಡು ಮಕ್ಕಳು ಬೀಜಕ್ಕೆ ಮುಂಚೆ ಬರೆದದ್ದು. ಇನ್ನರ್ಧ, ಅದೇ ಮಕ್ಕಳು ಐದು ತಿಂಗಳ ನಂತರ ಬೇರೆ ವಿಷಯದ ಮೇಲೆ ಬರೆದದ್ದು. ಯಾವುದು ಯಾವುದೆಂದು ಹೇಳದೆ ಹತ್ತಕ್ಕೆ ಅಂಕ ಕೊಡಿ ಸಾರ್ ಎಂದಿದ್ದೆ. ಹಿಂದಿನವಕ್ಕೆ ನಾಲ್ಕು, ನಾಲ್ಕೂವರೆ ಬಿದ್ದಿತ್ತು. ನಂತರದವಕ್ಕೆ ಹೆಚ್ಚುಕಡಿಮೆ ಏಳು. ಇಬ್ಬರು ಮಕ್ಕಳದ್ದು ಮಾತ್ರ ಮೊದಲೇ ಚೆನ್ನಾಗಿತ್ತು, ನನ್ನ ಬೀಜದಿಂದ ಅವರ ಬರವಣಿಗೆ ಸ್ವಲ್ಪ ಕೆಟ್ಟಿತು. ಅವರಿಗೆ ಕೈ ಬರುತ್ತಿತ್ತು, ನಾನು ಎಣಿಸಲು ಕಲಿಸಿಬಿಟ್ಟೆ. ಈಗ ಅಂಥವರನ್ನು ಮೊದಲ ವಾರದಲ್ಲೇ ಗುರುತಿಸಿ ಬೀಜದಿಂದ ಬಿಡುಗಡೆ ಮಾಡುತ್ತೇನೆ. ಅಂಕಪಟ್ಟಿಯ ಕೆಳಗೆ ಮುಖ್ಯೋಪಾಧ್ಯಾಯರು ಪೆನ್ಸಿಲಿನಲ್ಲಿ "ಯಾರು ಪಾಠ ಮಾಡಿದ್ದು?" ಎಂದು ಬರೆದಿದ್ದರು. ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ್ದೇನೆ, 20 ರೂಪಾಯಿ.

ಲೆಕ್ಕ ಹೇಳಿಬಿಡುತ್ತೇನೆ. ಬಾಡಿಗೆ ಈಗ 7,000. ಎರಡು ತಂಡ ಸೇರಿ ನಲವತ್ತರ ಸುಮಾರು ಮಕ್ಕಳು, ತಿಂಗಳಿಗೆ ತಲೆಗೆ 600, ಕೊಡಲಾಗದವರು ನಾಲ್ಕೈದು ಮಂದಿ ಯಾವಾಗಲೂ ಇರುತ್ತಾರೆ. ಪುಸ್ತಿಕೆಯ ನಷ್ಟ ತುಂಬಿಕೊಳ್ಳಲು ಮೂರು ವರ್ಷ ಹಿಡಿಯಿತು. ಬೀಜದ ಒಟ್ಟು ಬಂಡವಾಳ, ಉಗುರು ಬಣ್ಣವೂ ಸೇರಿ, ವರ್ಷಕ್ಕೆ 300 ದಾಟಿಲ್ಲ.

ಮಾಡಿ ನೋಡುವವರಿಗೆ ಒಂದು ಮಾತು. ಪಾರ್ಚ್‌ಮೆಂಟ್ ಬೀಜಕ್ಕೆ, ಅಂದರೆ ಹೊಟ್ಟು ಬಿಡಿಸದ ಕಾಫಿ ಬೀಜಕ್ಕೆ, ಹಾಗೆಯೇ ಬಣ್ಣ ಹಚ್ಚಬೇಡಿ. ಮೇಲಿನ ಹೊಟ್ಟು ಒಂದೇ ವಾರದಲ್ಲಿ ಮಕ್ಕಳ ಕೈಯಲ್ಲಿ ಸುಲಿದು, ಬಣ್ಣ ಅದರ ಜೊತೆಗೇ ಹೋಗುತ್ತದೆ. ನನ್ನ ಮೊದಲ ಡಬ್ಬಿ ಪೂರ್ತಿ ಹಾಗೆ ಬೋಳಾಯಿತು, ಯಾವುದು ಅಸಲಿ ಯಾವುದು ಖೋಟಾ ಎಂದು ತಿಳಿಯದೆ ಆ ತಿಂಗಳ ಲೆಕ್ಕವನ್ನೇ ಮನ್ನಾ ಮಾಡಬೇಕಾಯಿತು. ಹೊಟ್ಟು ತೆಗೆಸಿ, ಎರಡು ದಿನ ಬಿಸಿಲಿಗೆ ಹಾಕಿ, ಆಮೇಲೆ ಹಚ್ಚಿ.